ಮಡುವಿನ ಸಿಳ್ಳೆ

ಫಲಕದ ಕೋಷ್ಟಕದಲ್ಲಿ ಉಳಿದ ಸಾಲುಗಳೆಲ್ಲ ತುಂಬಿದ್ದವು. ಕೊನೆಯ ಸಾಲಿನಲ್ಲಿ ಒಂದು ಮನೆ ಮಾತ್ರ ಖಾಲಿ ಇತ್ತು. ಸುಷ್ಮಾ ಕಂಪ್ಯೂಟರಿನ ಮುಂದೆ ಕೂತು ಆ ಖಾಲಿ ಮನೆಯನ್ನೇ ನೋಡುತ್ತಿದ್ದಳು.

ಹರಿಹರದ ಕೊಟ್ಟೂರೇಶ್ ಮೇಷ್ಟ್ರು ಹೊಳೆದಂಡೆಯಲ್ಲಿ ನಿಲ್ಲಿಸಲು ಮಾಡಿಸುತ್ತಿದ್ದ ಫಲಕ ಅದು. ಎಡಕ್ಕೆ ಮಡಿವಾಳ ಹಕ್ಕಿಯ ಚಿತ್ರ, ಬಲಕ್ಕೆ ನೀರುನಾಯಿಯದು, ನಡುವೆ ಎರಡನ್ನೂ ಹೋಲಿಸುವ ಕೋಷ್ಟಕ. ಮೊದಲ ಸಾಲಿನಲ್ಲಿ ಎರಡೂ ಪ್ರಾಣಿ ಸಾಮ್ರಾಜ್ಯದವು. ಎರಡನೆಯದರಲ್ಲಿ ಎರಡಕ್ಕೂ ಬೆನ್ನುಮೂಳೆ ಉಂಟು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ದಾರಿ ಕವಲೊಡೆಯುತ್ತದೆ. ಒಂದು ಪಕ್ಷಿ, ಇನ್ನೊಂದು ಸಸ್ತನಿ. ಅಲ್ಲಿಂದ ಗಣ, ಕುಟುಂಬ, ಪ್ರಭೇದ ಅಂತ ಇಳಿದಷ್ಟೂ ಎರಡೂ ಒಂದನ್ನೊಂದು ಬಿಟ್ಟು ದೂರ ಹೋಗುತ್ತವೆ. ಸಂರಕ್ಷಣೆಯ ಸ್ಥಿತಿ ಎಂಬಲ್ಲಿ ಹಕ್ಕಿಗೆ 'ಕನಿಷ್ಠ ಕಾಳಜಿ' ಎಂದೂ ನೀರುನಾಯಿಗೆ 'ಅಪಾಯಕ್ಕೆ ಈಡಾಗಬಲ್ಲದು' ಎಂದೂ ಇತ್ತು. ಕೊನೆಗೆ, 'ಈ ದಂಡೆಯಲ್ಲಿ ಇದೆಯೇ?' ಹಕ್ಕಿಯ ಕೆಳಗೆ 'ಇದೆ'. ನೀರುನಾಯಿಯ ಕೆಳಗೆ ಏನೂ ಇಲ್ಲ.

ಮೇಷ್ಟ್ರಿಗೆ ಫೋನು ಮಾಡಿದರೆ, "ಇದೆ ಅಂತ ಹಾಕಿಬಿಡಮ್ಮ" ಅಂದರು. "ನೀರುನಾಯಿ ಐತೆ ಅಂದ್ರೆ ಜನ ಆ ಮಡುವಿನಾಗೆ ಕಂಡಕಂಡಂಗೆ ಬಲೆ ಬಿಡೋದಾದ್ರೂ ನಿಲ್ಲಿಸ್ತಾರೆ."

"ನೀವು ನೋಡೀರಾ ಸರ್?"

"ನಾನು ನೋಡಿಲ್ಲ. ಮೊದಲೆಲ್ಲ ಇದ್ವಂತೆ. ಈಗ ಸಂಜೆ ಹೊತ್ತು ಯಾರಿಗೋ ಸಿಳ್ಳೆ ಕೇಳಿಸೈತಂತೆ. ನಿಂದೂ ಅದೇ ಊರ ಕಡೆ ಅಲ್ಲೇನು? ಒಂದ್ಸಲ ಕೇಳಿ ನೋಡಿ ಹಾಕು."

ಪಿ.ಜೆ. ಬಡಾವಣೆಯ ಈ ಫ್ಲೆಕ್ಸ್ ಅಂಗಡಿಯಲ್ಲಿ ಹಗಲೆಲ್ಲ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು ಸುಷ್ಮಾ. ಸಂಜೆ ಓದಿದ್ದು ಪೂರ್ತಿ ಓದಲ್ಲವೇನೋ, ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ತನಗೆ ತಪ್ಪಿಹೋಗಿದೆಯೇನೋ ಎಂಬ ಅಳುಕು ಅವಳಿಗೆ ಯಾವತ್ತೂ. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ನೋಡುವಳು. ಮದುವೆಯ ಬ್ಯಾನರಿನಲ್ಲಿ ಗಂಡಿನ ಹೆಸರು ಹೆಣ್ಣಿನ ಕಡೆ ಹೋಗಿಲ್ಲ ತಾನೆ ಅಂತ ಮನೆ ತಲುಪಿದ ಮೇಲೂ ಫೋನು ಮಾಡಿ ಕೇಳುವಳು.

"ಏನ್ ಮೇಡಂ, ಪ್ರೂಫಿಗೆ ನೀರುನಾಯಿನೇ ಬಂದು ಸಹಿ ಹಾಕ್ಬೇಕೇನ್ರಿ?" ಅಂದ ಅಂಗಡಿಯ ಮಾಲೀಕ ಮುಜಾಹಿದ್. "ಐತೆ ಅಂತ ಹೊಡೀರಿ, ಪ್ರಿಂಟಿಗೆ ಬಿಡಾನ. ಇಲ್ಲ ಅಂತ ಕೇಸ್ ಹಾಕಾಕೆ ಅದೇನು ಬರಲ್ಲ."

"ಸೋಮವಾರದ ತನಕ ಟೈಮ್ ಕೊಡ್ರಿ ಅಣ್ಣ. ನಾಳೆ ಹೆಂಗೂ ಹರಿಹರಕ್ಕೆ ಹೋಗೋದೈತೆ."

ಹೋಗುವುದಿತ್ತು, ನಿಜ. ಆದರೆ ಅದು ಫಲಕಕ್ಕಾಗಿ ಅಲ್ಲ. ಹಿಂದಿನ ದಿನ ಹರಿಹರದ ಚಿಗವ್ವನ ಮನೆಯ ಪಕ್ಕದ ದಿಲ್ಷಾದ್ ಬೇಗಂ ಫೋನು ಮಾಡಿದ್ದರು. "ಬೇಟಿ, ನಿಮ್ಮ ಚಿಗವ್ವ ದಿನಾ ಹೊಳೆಗಿಳೀತಾಳೆ. ಮೊನ್ನೆ ಸೊಂಟದ ತನಕ ಹೋಗಿದ್ಲು. ನಾನು ಸೆರಗು ಹಿಡಿದು ಎಳಕೊಂಡು ಬಂದೆ. ಯಾಕವ್ವ ಅಂದ್ರೆ, ಕರೀತಾರೆ ಅಂತಾಳೆ. ನೀನು ಬಾ. ನಾನು ದಿನಾ ಎಳೆಯೋ ವಯಸ್ಸಿನಾಕಿ ಅಲ್ಲ."

ಯಾರು ಕರೆಯುತ್ತಾರೆ ಅಂತ ಸುಷ್ಮಾ ಕೇಳಲಿಲ್ಲ.

ಚಿಗವ್ವ ಸುಂಕಲಮ್ಮನ ಗಂಡ ಹುಲಿಯಪ್ಪ ತುಂಗಭದ್ರೆಯಲ್ಲಿ ಮೀನು ಹಿಡಿಯುತ್ತಿದ್ದವನು. ಹೋದ ಶ್ರಾವಣದಲ್ಲಿ, ಹೊಳೆ ಎರಡೂ ದಂಡೆ ಮೀರಿ ಹರಿಯುತ್ತಿದ್ದಾಗ, ಕಟ್ಟಿದ್ದ ತೆಪ್ಪ ಬಿಚ್ಚಿಕೊಂಡಿತೆಂದು ಹಿಡಿಯಲು ಹೋದವನು ತಿರುಗಿ ಬರಲಿಲ್ಲ. ತೆಪ್ಪ ಮಾತ್ರ ಬಹುದೂರ ಕೆಳಗೆ, ಜಾಲಿಯ ಮೆಳೆಯಲ್ಲಿ ಮಗುಚಿಕೊಂಡು ಸಿಕ್ಕಿತು. ಹೆಣ ಸಿಗಲಿಲ್ಲ. ಹೆಣ ಸಿಗದೆ ಸುಂಕಲಮ್ಮ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಊರವರ ಶ್ರದ್ಧಾಂಜಲಿ ಬ್ಯಾನರುಗಳನ್ನು ದಿನಕ್ಕೊಂದರಂತೆ ಜೋಡಿಸುವ ಸುಷ್ಮಾ ಚಿಗಪ್ಪನ ಫೋಟೋವನ್ನೂ ಹೂವಿನ ಚೌಕಟ್ಟಿನಲ್ಲಿ ಕೂರಿಸಿ ಇಟ್ಟಿದ್ದಳು. ಪ್ರಿಂಟು ಮಾಡು ಎಂದು ಯಾರೂ ಹೇಳಿರಲಿಲ್ಲ. ಅಳಿಸು ಎಂದೂ ಹೇಳಿರಲಿಲ್ಲ.

ಮರುದಿನ ಅವಳು ಬಸ್ಸಿಳಿದು ಮನೆ ಸೇರುವಾಗ ಬಿಸಿಲು ಬಾಗಿತ್ತು. ಸುಂಕಲಮ್ಮ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಸೀರೆಯ ಅಂಚಿನಿಂದ ಮೊಣಕಾಲಿನ ಮೇಲಿನ ತನಕ ಹೊಳೆಯ ಕೆಸರಿನ ಕಲೆ ಗೆರೆಗೆರೆಯಾಗಿ ಕೂತಿತ್ತು. ಒಂದರ ಮೇಲೊಂದು ಗೆರೆ, ದಿನಕ್ಕಿಷ್ಟು ಎತ್ತರ.

"ಬಂದೇನು? ಕೂಡು. ಚಾ ಮಾಡ್ಲಾ?"

"ಚಾ ಬ್ಯಾಡ. ಯಾರಿಗೆ ಚಿಗವ್ವ ರೊಟ್ಟಿ?"

"ಕರೆಯೋರು ಅದಾರೆ ಅಂತ ಹೇಳಿಲ್ಲೇನು ದಿಲ್ಷಾದು?" ಅವಳು ನಕ್ಕಳು. ನಗು ಮೊದಲಿನದೇ. "ನಡಿ, ನೀನೂ ಕೇಳುವಂತಿ. ಹೊತ್ತಾತು."

ಬೀದಿಯ ಕೊನೆಗೆ ಇಳಿದರೆ ಮೆಟ್ಟಿಲು, ಮೆಟ್ಟಿಲಿನಿಂದ ಆಚೆ ಬಂಡೆಗಳು, ಬಂಡೆಗಳ ನಡುವೆ ಮಡು. ಬೇಸಿಗೆಗೆ ಹೊಳೆಯೆಲ್ಲ ಬತ್ತಿ ಮರಳು ಕಂಡರೂ ಮಡುವಿನಲ್ಲಿ ಮಾತ್ರ ಕರಿ ನೀರು ನಿಂತಿರುತ್ತದೆ. ಅದರ ಅಂಚಿಗೆ ಒಂದು ಚಪ್ಪಟೆ ಬಂಡೆ. ತೆಪ್ಪದವರು ಅದನ್ನು ಪಾಲಿನ ಕಲ್ಲು ಅನ್ನುತ್ತಾರೆ. ಬಲೆಗೆ ಬಿದ್ದ ಮೊದಲ ಮೀನನ್ನು ಆ ಕಲ್ಲಿನ ಮೇಲಿಟ್ಟು ಸಿಳ್ಳೆ ಹಾಕಿಯೇ ಮನೆಗೆ ಹೋಗಬೇಕು. ಅದು ನೀರುನಾಯಿಯ ಪಾಲು. ಹಿಂದಿನಿಂದ ಬಂದ ರಿವಾಜು. ಉಳಿದವರು ಅದನ್ನು ಯಾವಾಗಲೋ ಬಿಟ್ಟಿದ್ದರು. ನಾಯಿಯೇ ಕಾಣದ ಮೇಲೆ ಪಾಲು ಯಾರಿಗೆ ಅಂದರು. ಹುಲಿಯಪ್ಪ ಬಿಟ್ಟಿರಲಿಲ್ಲ.

ಅವನ ಸಿಳ್ಳೆ ಸುಷ್ಮಾಳಿಗೆ ಚಿಕ್ಕಂದಿನಿಂದ ಗೊತ್ತು. ಏರುತ್ತ ಹೋಗುವ ಎರಡು ಸ್ವರ, ಆಮೇಲೆ ಉಸಿರು ಒಳಗೆಳೆದುಕೊಂಡಂತೆ ಕೆಳಗೆ ಬೀಳುವ ಮೂರನೆಯದು. ನಂಗೂ ಕಲಿಸು ಚಿಗಪ್ಪ ಅಂದರೆ, "ನಾನೇನು ಮಾಡಿದ್ದಲ್ಲವ್ವ ಇದು. ಅವು ನಂಗೆ ಕಲಿಸಿದ್ದು" ಅನ್ನುತ್ತಿದ್ದ. ತಮಾಷೆಯೋ ನಿಜವೋ ತಿಳಿಯುತ್ತಿರಲಿಲ್ಲ.

ಸುಂಕಲಮ್ಮ ರೊಟ್ಟಿಯನ್ನು ಪಾಲಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ಕೂತಳು. ಆಚೆ ದಂಡೆಯಲ್ಲಿ ಇಟ್ಟಿಗೆ ಭಟ್ಟಿಯ ಹೊಗೆ ನೆಟ್ಟಗೆ ಏರುತ್ತಿತ್ತು. ಗಾಳಿ ಇರಲಿಲ್ಲ. ಸೂರ್ಯ ಮುಳುಗಿ ಬೆಳಕು ಬೂದಿಯಾದಾಗ ಮಡುವಿನ ಕಡೆಯಿಂದ ಸಿಳ್ಳೆ ಬಂತು.

ಏರುವ ಒಂದು ಸ್ವರ. ಅದಕ್ಕಿಂತ ಮೇಲೆ ಇನ್ನೊಂದು.

ಅದು ಹಕ್ಕಿಯ ಹಾಡಿನಂತಿರಲಿಲ್ಲ. ಮನುಷ್ಯ ತುಟಿ ಮಡಿಸಿ ಯಾರನ್ನೋ ಕರೆದಂತಿತ್ತು. ಸುಂಕಲಮ್ಮ ಎದ್ದಳು. ಯಾರೋ ಬಾಗಿಲು ಬಡಿದಾಗ ಏಳುವಷ್ಟು ಸಹಜವಾಗಿ ಎದ್ದು ನೀರಿಗೆ ಕಾಲಿಟ್ಟಳು. ಸುಷ್ಮಾ ಓಡಿಹೋಗಿ ರಟ್ಟೆ ಹಿಡಿದಳು.

"ಕೇಳಿಸ್ತಲ್ಲ?" ಅಂದಳು ಸುಂಕಲಮ್ಮ, ನೀರಿನ ಕಡೆಯೇ ನೋಡುತ್ತ.

"ಹಕ್ಕಿ ಇರಬೇಕು ಚಿಗವ್ವ. ಮಡಿವಾಳ ಹಕ್ಕಿ. ಬ್ಯಾರೆಯವರ ದನಿ ಕೇಳಿ ಹಂಗೇ ಕೂಗ್ತೈತೆ ಅದು, ನಾನು ಮೊನ್ನೆ ಓದೀನಿ."

"ಇರಬೇಕು ಅಂತಿಯ. ಹೌದು ಅನ್ನಂಗಿಲ್ಲ."

ಸುಷ್ಮಾಳ ಇಡೀ ಸ್ವಭಾವವನ್ನು ಚಿಗವ್ವ ಒಂದೇ ಮಾತಿನಲ್ಲಿ ಹಿಡಿದು ಮುಂದಿಟ್ಟಂತಾಯಿತು.

"ಕೇಳು," ಅಂದಳು ಸುಂಕಲಮ್ಮ. "ನಮ್ಮ ಪೈಕಿ ಓದಿದಾಕಿ ನೀನೊಬ್ಬಳೇ. ಹಕ್ಕಿ ಅಂತ ನೀನು ಖರೆ ಮಾಡಿ ತೋರಿಸಿದ್ರೆ ನಾ ಇನ್ನ ಮ್ಯಾಲೆ ಇತ್ಲಾಗೆ ಬರಲ್ಲ. ಅಲ್ಲೇ ಬಳೆ ತೆಗೀತೀನಿ. ಆದ್ರೆ ನೀರುನಾಯಿ ಅಂದ್ರೆ ಬ್ಯಾರೆ. ಅವು ನಿಮ್ಮ ಚಿಗಪ್ಪನ್ನ ಬಿಟ್ಟು ಯಾರ ಮುಂದೂ ಬಂದವಲ್ಲ. ಅವು ಬಂದಾವು ಅಂದ್ರೆ ಅವ್ರೂ ಅಲ್ಲೇ ಅದಾರೆ. ಆವಾಗ ನನ್ನ ಹಿಡೀಬ್ಯಾಡ."

"ಹಿಡೀದೆ?"

"ಕರೆದಾಗ ಹೋಗಬೇಕವ್ವ. ಸಂಸಾರ ಅಂದ್ರೆ ಅಷ್ಟೇ ಅಲ್ಲೇನು?"

ಆ ರಾತ್ರಿ ಸುಷ್ಮಾ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗಿದಳು. ಕೋಷ್ಟಕ ಕಣ್ಣ ಮುಂದೆ ನಿಂತಿತ್ತು. ಹಕ್ಕಿ, ನೀರುನಾಯಿ. ಅದರ ಪಕ್ಕಕ್ಕೆ ಮೂರನೆಯ ಕಂಬಸಾಲು ಒಂದು ತಾನೇ ಎದ್ದುಬಂತು: ಹುಲಿಯಪ್ಪ. ಪ್ರಾಣಿ. ಬೆನ್ನುಮೂಳೆ ಉಂಟು. ಸಸ್ತನಿ. ಅಲ್ಲಿಯವರೆಗೆ ನೀರುನಾಯಿಯ ಜೊತೆಗೇ ಬರುತ್ತಾನೆ, ಹಕ್ಕಿ ಹಿಂದೆ ಉಳಿಯುತ್ತದೆ. ಸ್ಥಿತಿ ಎಂಬಲ್ಲಿ ಏನು ಬರೆಯುವುದು? ಈ ದಂಡೆಯಲ್ಲಿ ಇದೆಯೇ? ನಿದ್ದೆ ಯಾವಾಗ ಹತ್ತಿತೋ ಗೊತ್ತಾಗಲಿಲ್ಲ.

ಎಚ್ಚರಾದಾಗ ಬೆಳಕು ಹರಿಯುತ್ತಿತ್ತು. ಅವಳ ಮೈ ದಾಟಿ ಚಿಗವ್ವ ಹೋಗಿದ್ದಳು, ಬಾಗಿಲು ತೆರೆದಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮೆಟ್ಟಿಲ ಮೇಲಿನಿಂದಲೇ ಕಂಡಿತು: ಸುಂಕಲಮ್ಮ ಪಾಲಿನ ಕಲ್ಲಿನ ಮೇಲೆ ಒಬ್ಬಳೇ ನಿಂತಿದ್ದಾಳೆ. ಸುತ್ತ ಯಾರೂ ಇಲ್ಲ ತಾನೆ ಎಂದು ಅತ್ತ ಇತ್ತ ನೋಡಿದಳು. ಆಮೇಲೆ ಸೆರಗಿನ ಮರೆಯಲ್ಲಿ ತುಟಿ ಮಡಿಸಿ ಸಿಳ್ಳೆ ಹಾಕಿದಳು.

ಎರಡು ಸ್ವರ. ಏರುತ್ತ ಹೋಗುವ ಎರಡು ಸ್ವರ.

ಒಂದು ಗಳಿಗೆ ಬಿಟ್ಟು ದಂಡೆಯ ಜಾಲಿಮರದ ತುದಿಯಿಂದ ಅದೇ ಎರಡು ಸ್ವರ ತಿರುಗಿ ಬಂದವು. ಕಪ್ಪು ಮೈ, ಬಿಳಿ ಹೊಟ್ಟೆ, ನೆಟ್ಟಗೆತ್ತಿದ ಬಾಲ. ಕೊಕ್ಕು ತೆರೆದು ಮುಚ್ಚಿದ್ದು ಆ ದೂರದಿಂದಲೂ ಕಂಡಿತು. ಬೆಳಕು ತೆಳುವಾಗಿ ಹರಡಿತ್ತು. ಇದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

"ಚಿಗವ್ವಾ."

ಸುಂಕಲಮ್ಮ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವರ ಮುಖ ಅದು.

"ಯಾವಾಗಿಂದ ಹಾಕ್ತಿ ನೀನು ಸಿಳ್ಳೆ?"

"ಯಾರ ಮುಂದೂ ಹೇಳಬ್ಯಾಡ," ಅಂದಳು ಸುಂಕಲಮ್ಮ ಮೆಲ್ಲಗೆ. "ಹೆಣ್ಣುಮಕ್ಕಳು ಸಿಳ್ಳೆ ಹಾಕಿದ್ರೆ ಮನೆಗೆ ಕೇಡು ಅಂತ ನಮ್ಮವ್ವ ತುಟಿ ಮ್ಯಾಲೆ ಬಡಿದಿದ್ಲು. ದೀಪಾವಳಿಯಿಂದ ಹಾಕ್ತೀನಿ. ಅವ್ರು ಎಲ್ಲಿಯಾರ ಇದ್ರೆ ಕೇಳಿಸ್ಲಿ ಅಂತ. ಶಿವರಾತ್ರಿ ತನಕ ಏನೂ ಇರ್ಲಿಲ್ಲ. ಆಮ್ಯಾಲೆ ಒಂದಿನ ತಿರುಗಿ ಕೂಗಿದ್ರು."

ಸುಷ್ಮಾ ಅವಳ ಪಕ್ಕ ಕೂತು, ಜಾಲಿಮರದ ಕಡೆ ಬೆರಳು ಮಾಡಿದಳು.

"ಅಲ್ಲಿ ನೋಡು. ತುದೀ ಕೊಂಬೆ. ಈಗ ಇನ್ನೊಮ್ಮೆ ಹಾಕು."

"ನಿನ್ನ ಮುಂದೆ?"

"ನನ್ನ ಮುಂದೆ."

ಸುಂಕಲಮ್ಮ ಹಾಕಿದಳು. ನಾಚಿಕೆಗೆ ದನಿ ಒಡೆಯಿತು. ಹಕ್ಕಿ ಬಾಲ ಕುಣಿಸಿ, ಕೊಕ್ಕು ತೆರೆದು, ಒಡೆಯದ ದನಿಯಲ್ಲಿ ಅದನ್ನೇ ಹೇಳಿತು.

"ಚಿಗಪ್ಪನ ಸಿಳ್ಳೆಗೆ ಮೂರನೇದೊಂದು ಇತ್ತು, ನೆನಪೈತಾ? ಕೆಳಗೆ ಬೀಳೋದು."

"ಅದು ನಂಗೆ ಬರಲ್ಲ. ಎಷ್ಟು ಸಲ ನೋಡಿದೆ."

"ಅದಕ್ಕೂ ಬರಲ್ಲ ಚಿಗವ್ವ. ನಿನ್ನ ಹತ್ರ ಕಲಿತಿದ್ದು ಅದು. ಚಿಗಪ್ಪನ ಹತ್ರ ಅಲ್ಲ. ನೀರುನಾಯಿ ಹತ್ರನೂ ಅಲ್ಲ. ಅವ್ರಿಂದ ಕಲಿತಿದ್ರೆ ಮೂರೂ ಬರ್ತಿತ್ತು."

ಇಷ್ಟು ಖಚಿತವಾಗಿ ಸುಷ್ಮಾ ಯಾರಿಗೂ ಏನನ್ನೂ ಹೇಳಿದವಳಲ್ಲ. ಹೇಳಿ ಮುಗಿದ ಮೇಲೆ ಸುಂಕಲಮ್ಮನ ಮುಖ ನೋಡಿ, ಅಷ್ಟು ಖಚಿತವಾಗಿ ಹೇಳಬಾರದಿತ್ತೇನೋ ಅನ್ನಿಸಿತು.

ಸುಂಕಲಮ್ಮ ಬಹಳ ಹೊತ್ತು ಹಕ್ಕಿಯನ್ನು ನೋಡಿದಳು. "ಇಷ್ಟು ದಿನ ನಂಗೆ ನಾನೇ ಓಗೊಟ್ಟೆ ಅನ್ನು," ಅಂದಳು. ಅಳಲಿಲ್ಲ. ಬಳೆಗಳನ್ನು ಒಡೆಯಲೂ ಇಲ್ಲ. ಒಂದೊಂದಾಗಿ ಜಾರಿಸಿ ತೆಗೆದು, ನಿನ್ನೆಯ ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಟ್ಟಳು. ಬಳೆ ಸುತ್ತುವ ಮುಂಚೆಯೇ ಆ ಬಟ್ಟೆ ಖಾಲಿಯಾಗಿ ಕಲ್ಲಿನ ಮೇಲಿತ್ತು. ರೊಟ್ಟಿಯನ್ನು ಕಾಗೆ ತಿಂದಿರಬೇಕು ಅಂದುಕೊಂಡಳು ಸುಷ್ಮಾ.

"ಅಂಗಡಿಯಾಗೆ ನಿಮ್ಮ ಚಿಗಪ್ಪನ ಫೋಟೋ ಮಾಡಿ ಇಟ್ಟೀಯಂತಲ್ಲ. ಅದನ್ನ ಹಾಕಿಸ್ಕೊಂಡು ಬಾ."

"ಹೂಂ ಚಿಗವ್ವ."

ಸುಂಕಲಮ್ಮ ಮೆಟ್ಟಿಲು ಹತ್ತತೊಡಗಿದಳು. ಸುಷ್ಮಾ ಹಿಂದೆ ಹೊರಟವಳು ಒಂದು ಸಲ ನಿಂತಳು. ಎರಡನೆಯ ಸಲ ನೋಡದೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ತಿರುಗಿ ಜಾಲಿಮರವನ್ನು ನೋಡಿದಳು. ಹಕ್ಕಿ ಅಲ್ಲೇ ಇತ್ತು. ಕೊಕ್ಕಿನಲ್ಲಿ ಹಸಿರು ಹುಳ ಕಚ್ಚಿಕೊಂಡು, ತಲೆ ಓರೆ ಮಾಡಿ ಮಡುವಿನ ಕಡೆ ನೋಡುತ್ತಿತ್ತು.

ಆಗ ಮಡುವಿನ ನಡುವಿನಿಂದ ಸಿಳ್ಳೆ ಬಂತು.

ಏರುವ ಒಂದು. ಅದಕ್ಕಿಂತ ಮೇಲೆ ಇನ್ನೊಂದು. ಆಮೇಲೆ, ಉಸಿರು ಒಳಗೆಳೆದುಕೊಂಡಂತೆ, ಕೆಳಗೆ ಬೀಳುವ ಮೂರನೆಯದು.

ಹಕ್ಕಿ ಹಾರಿಹೋಯಿತು. ಕರಿ ನೀರಿನ ಮೇಲೆ ಒಂದು ಉಂಗುರ ಅಗಲವಾಗುತ್ತ ಬಂದು ಸುಷ್ಮಾಳ ಕಣಕಾಲು ಮುಟ್ಟಿತು. ತಾನು ನೀರಿನಲ್ಲಿ ನಿಂತಿರುವುದು ಅವಳಿಗೆ ತಿಳಿದದ್ದು ಆಗಲೇ. ಯಾವಾಗ ಇಳಿದಳೋ ನೆನಪಿರಲಿಲ್ಲ. ತಂಪಾಗಿತ್ತು, ಹಿತವಾಗಿತ್ತು, ಇನ್ನೊಂದು ಹೆಜ್ಜೆ ಇಟ್ಟರೆ ಸರಿಯಾಗಿ ಕಾಣುತ್ತದೆ ಅನ್ನಿಸಿತು. ಒಂದೇ ಒಂದು ಸಲ ಖಚಿತ ಮಾಡಿಕೊಂಡರೆ ಸಾಕು. ನೀರುನಾಯಿಯಾದರೆ ನೀರುನಾಯಿ. ತಲೆ ಕಂಡರೆ ಸಾಕು.

ನೀರು ಮೊಣಕಾಲಿಗೆ ಬಂತು.

"ಸುಷ್ಮಾ." ಮೇಲಿನ ಮೆಟ್ಟಿಲಿನಿಂದ ಸುಂಕಲಮ್ಮನ ದನಿ. ಅವಳು ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು. ಬರಿಗೈ ಮೆಟ್ಟಿಲ ಪಕ್ಕದ ಕಂಬಿಯ ಮೇಲಿತ್ತು. "ಏನಾರ ಕೇಳಿಸ್ತೇನು?"

ಸುಷ್ಮಾ ಬಾಯಿ ತೆರೆದಳು. ಗೊತ್ತಿಲ್ಲದ್ದನ್ನು ಗೊತ್ತು ಅಂದವಳಲ್ಲ. ಕಂಡದ್ದನ್ನು ಕಂಡಿಲ್ಲ ಅಂದವಳೂ ಅಲ್ಲ.

"ಇಲ್ಲ ಚಿಗವ್ವ," ಅಂದಳು.

"ಇಲ್ಲ ಅಲ್ಲ?"

"ಇಲ್ಲ. ಹಕ್ಕಿ ಹಾರಿಹೋತು."

ಸುಂಕಲಮ್ಮ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದಳು. ಸುಷ್ಮಾ ನೀರಿನಿಂದ ಕಾಲು ಕಿತ್ತುಕೊಂಡು ಹಿಂಬಾಲಿಸಿದಳು. ತಿರುಗಿ ನೋಡಲಿಲ್ಲ.

ಸೋಮವಾರ ಅಂಗಡಿಯಲ್ಲಿ ಕೂತು ಕೊನೆಯ ಖಾಲಿ ಮನೆಯಲ್ಲಿ 'ಈಗ ಇಲ್ಲ' ಎಂದು ಕೂರಿಸಿದಳು. ಚಿಗವ್ವ ಅಕ್ಷರ ಕೂಡಿಸಿ ಓದಬಲ್ಲವಳು. ಹೊಳೆಗೆ ಇಳಿಯುವಲ್ಲೇ ಆ ಫಲಕ ನಿಲ್ಲುವುದು. ಮೇಷ್ಟ್ರು ಫೋನಿನಲ್ಲಿ, "ಛೇ, ಇದ್ದಿದ್ರೆ ಚೆನ್ನಾಗಿತ್ತಲ್ಲಮ್ಮ. ಸರಿಯಾಗಿ ಕೇಳಿದ್ಯಾ?" ಅಂದರು. ಸರಿಯಾಗಿ ಕೇಳಿದೆ ಸರ್ ಅಂದಳು. ಅದು ಸುಳ್ಳಾಗಿರಲಿಲ್ಲ. ಇನ್ನು ಮಡುವಿಗೆ ಬಲೆ ಬೀಳುತ್ತದೆ, ಅಡ್ಡಡ್ಡಲಾಗಿ ಬೀಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

"ಎರಡನೇ ಸಲ ನೋಡಲ್ಲೇನ್ರಿ?" ಅಂದ ಮುಜಾಹಿದ್, ಪ್ರಿಂಟು ಒತ್ತುವ ಮುಂಚೆ.

"ಬ್ಯಾಡ ಅಣ್ಣ. ಬಿಡ್ರಿ."

ಅವನು ಆಶ್ಚರ್ಯದಿಂದ ಅವಳ ಮುಖ ನೋಡಿದ. ಹುಲಿಯಪ್ಪನ ಫೋಟೋವೂ ಅದೇ ದಿನ ಪ್ರಿಂಟಿಗೆ ಹೋಯಿತು.

ಫಲಕ ನಿಲ್ಲಿಸಿದ ದಿನ ಮೇಷ್ಟ್ರ ಶಾಲೆಯ ಮಕ್ಕಳು ಮಂಡಕ್ಕಿ ತಿಂದು, ಫೋಟೋ ತೆಗೆಸಿಕೊಂಡು, ಸದ್ದೆಬ್ಬಿಸಿ ಹೋದರು. ಸಂಜೆಗೆ ದಂಡೆಯಲ್ಲಿ ಉಳಿದವರು ಇಬ್ಬರೇ. ಫಲಕವನ್ನು ಪಾಲಿನ ಕಲ್ಲಿನ ಪಕ್ಕದಲ್ಲೇ ನೆಟ್ಟಿದ್ದರು. ಸುಂಕಲಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಪಕ್ಷಿ, ಸಸ್ತನಿ. ಕನಿಷ್ಠ ಕಾಳಜಿ. ಅಪಾಯಕ್ಕೆ ಈಡಾಗಬಲ್ಲದು. ಕೊನೆಯ ಸಾಲಿನಲ್ಲಿ ಬೆರಳು ಬಹಳ ಹೊತ್ತು ನಿಂತಿತು.

"ಈಗ ಇಲ್ಲ," ಅಂದಳು. "ನೀನು ಬರೆದದ್ದಾ?"

"ಹೂಂ."

"ನೀನು ಬರೆದದ್ದು ಅಂದ ಮ್ಯಾಲೆ ಇಲ್ಲ ಅಂತಾನೇ." ಅವಳು ಹೊಳೆಯ ಕಡೆ ನೋಡಲಿಲ್ಲ, ನೋಡದೆ ಇರಲೆಂದೇ ಫಲಕ ನೋಡುತ್ತಿದ್ದಳೋ ಏನೋ. "ನಡಿ, ಕತ್ತಲಾಗ್ತೈತೆ."

ಆಗ ಸುಷ್ಮಾ ಕಂಡಳು. ಮಡುವಿನ ಕಡೆಯಿಂದ ಪಾಲಿನ ಕಲ್ಲಿನ ಮೇಲೆ ಹಸಿ ಹೆಜ್ಜೆಗಳು ಹತ್ತಿಬಂದಿದ್ದವು. ಬಂದ ಗುರುತಿತ್ತು, ತಿರುಗಿ ಇಳಿದ ಗುರುತಿರಲಿಲ್ಲ. ಎಲ್ಲಕ್ಕಿಂತ ಮುಂದಿನದು ಅವಳ ಕಾಲಿನಿಂದ ಗೇಣು ದೂರದಲ್ಲಿತ್ತು. ಐದು ಬೆರಳು. ನೀರುನಾಯಿಗೂ ಐದು, ಮನುಷ್ಯನಿಗೂ ಐದು. ಬೆರಳುಗಳ ನಡುವೆ ಪೊರೆಯ ಗುರುತಿದೆಯೋ ಇಲ್ಲವೋ ಬಗ್ಗಿ ನೋಡಿದರೆ ತಿಳಿಯುತ್ತಿತ್ತು.

ಅವಳು ಬಗ್ಗಲಿಲ್ಲ. ಹೆಜ್ಜೆ ಮುಂದಿಟ್ಟು ಅದರ ಮೇಲೆ ನಿಂತಳು, ಉಳಿದವುಗಳಿಗೆ ಸೀರೆಯ ನೆರಿಗೆ ಅಡ್ಡವಾಯಿತು. ಅಂಗಾಲಿಗೆ ತಣ್ಣಗೆ ತಾಗಿತು.

"ಬರ್ಲಿಲ್ಲೇನು?" ಸುಂಕಲಮ್ಮ ಮೆಟ್ಟಿಲಿನಿಂದ ಕೇಳಿದಳು.

"ನೀ ಮುಂದೆ ನಡಿ ಚಿಗವ್ವ. ಬಂದೆ."

ಸುಂಕಲಮ್ಮ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಸುಷ್ಮಾ ಕಾಲು ಎತ್ತಲಿಲ್ಲ. ಎತ್ತಿದಾಗ ಉಳಿದ ಹೆಜ್ಜೆಗಳು ಆರಿಹೋಗಿದ್ದವು, ಬಂಡೆಯ ಮೇಲೆ ಇದ್ದದ್ದು ಒಂದೇ ಒದ್ದೆ. ಅದರಲ್ಲಿ ಅವಳದೆಷ್ಟು, ಅದಕ್ಕೆ ಮುಂಚಿನದೆಷ್ಟು, ಯಾರೂ ಹೇಳಲಾರರು. ಜಾಲಿಮರದಲ್ಲಿ ಹಕ್ಕಿ ಸಂಜೆಯ ಹಾಡು ಶುರು ಮಾಡಿತು. ಏರುವ ಒಂದು ಸ್ವರ, ಅದಕ್ಕಿಂತ ಮೇಲೆ ಇನ್ನೊಂದು. ಆಮೇಲೆ ತುಸು ತಡೆದು, ಹೊಸದಾಗಿ ಕಲಿಯುವವರು ತಡವರಿಸುವಂತೆ, ಕೆಳಗೆ ಬೀಳುವ ಮೂರನೆಯದನ್ನು ಹಿಡಿಯಲು ನೋಡಿತು.